ಸಹಕಾರ ಸಚಿವರೇ, ಅಸಲು ಕಟ್ಟಿದ ದಿನವೇ ಸಾಲ ಕೊಡಿಸಿ

ಮಾನ್ಯ ಸಹಕಾರ ಸಚಿವರಿಗೆ ನಮಸ್ಕಾರಗಳು.

ಬೆಳೆಸಾಲಕ್ಕೆ ಬಡ್ಡಿಯಿಲ್ಲ, ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ ಎಂದು 2023ರ ಬಜೆಟ್‌ನಲ್ಲಿ ಕೇಳಿ ಸಂತೋಷಪಟ್ಟವರು ನಾವು. ನಿಯಮ ನಿಮಗೆ ಗೊತ್ತೇ ಇದೆ. ಗಡುವಿನೊಳಗೆ ಅಸಲು ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ. ಆ ಗಡುವೇ ಈಗ ನಮ್ಮ ಕೊರಳಿಗೆ ಉರುಳಾಗಿದೆ.

ನನ್ನ ಹೆಸರಲ್ಲಿದ್ದ ಸಾಲ 1,20,000 ರೂಪಾಯಿ. "ಇವತ್ತು ಕಟ್ಟು, ವಾರದೊಳಗೆ ರಿನೀವಲ್ ಮಾಡಿ ಖಾತೆಗೆ ಹಾಕ್ತೀವಿ" ಎಂದರು ಸಾಲ ಕೊಟ್ಟ ನಮ್ಮ ಸೊಸೈಟಿ, ಅಂದರೆ ಸಹಕಾರ ಸಂಘದ ಕಾರ್ಯದರ್ಶಿ. ಬಡ್ಡಿ ವ್ಯಾಪಾರಿಯ ಹತ್ತಿರ ತಿಂಗಳಿಗೆ ನೂರಕ್ಕೆ ಐದರಂತೆ ತಂದು ಕಟ್ಟಿದೆ. ವಾರ ಹೋಯಿತು, ತಿಂಗಳೂ ಹೋಯಿತು. ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು, ಹೆಸರು ಬಿತ್ತಲು ಬೀಜಕ್ಕೆ, ಗೊಬ್ಬರಕ್ಕೆ ಕಾಸಿಲ್ಲ. ಕೇಳಿದರೆ, "ಮೇಲಿಂದ ದುಡ್ಡು ಬಂದಿಲ್ಲ." ಅತ್ತ ತಿಂಗಳಿಗೆ 6,000 ರೂಪಾಯಿ ಬಡ್ಡಿ ಓಡುತ್ತಿತ್ತು. ಕೊನೆಗೆ ಹೆಂಡತಿಯ ಬೋರಮಾಳ ಅಡವಿಟ್ಟು ಬಿತ್ತಿದೆ. ಅವಳ ತವರಿನವರು ಹಾಕಿದ್ದು ಅದೊಂದೇ ಬಂಗಾರ.

ಅದೇ ಹೊತ್ತಿಗೆ ಸೊಸೈಟಿಯ ನಿರ್ದೇಶಕರೊಬ್ಬರ ಮನೆಯವರಿಗೆ ಹೊಸ ಸಾಲ ಮಂಜೂರಾಯಿತು! ಸಾಲ ಸಿಕ್ಕವರ ಪಟ್ಟಿ ತೋರಿಸಿ ಎಂದರೆ, "ನಿನಗ್ಯಾಕೆ ಅದೆಲ್ಲ" ಎಂದು ನೆರೆದವರ ಎದುರೇ ಗದರಿದರು. ನಾನು ಷೇರು ಹಣ ಕಟ್ಟಿದ ಸದಸ್ಯ ಸ್ವಾಮಿ, ಭಿಕ್ಷೆಗೆ ನಿಂತವನಲ್ಲ.

ಸಹಕಾರ ಬ್ಯಾಂಕುಗಳಿಗೆ ಕೃಷಿ ಸಾಲದ ದುಡ್ಡು ಒದಗಿಸುವ ನಬಾರ್ಡ್ 2024-25ರಲ್ಲಿ ರಾಜ್ಯಕ್ಕೆ ಕೊಡುವ ರಿಯಾಯಿತಿ ಸಾಲದ ಮಿತಿಯನ್ನು 5,600 ಕೋಟಿಯಿಂದ 2,340 ಕೋಟಿಗೆ ಇಳಿಸಿತು, ಮುಖ್ಯಮಂತ್ರಿಗಳು ದೆಹಲಿಗೆ ಹೋಗಿ ಕೇಳಿಯೂ ಬಂದರು. ಕೊರತೆ ಇದೆ ಎಂದು ಒಪ್ಪುತ್ತೇನೆ. ಆದರೆ ತಿರುಗಿ ಕೊಡಲು ದುಡ್ಡಿಲ್ಲದಾಗ ಆ ಮಾತನ್ನು ಅಸಲು ಕಟ್ಟಿಸಿಕೊಳ್ಳುವ ಮೊದಲೇ ಹೇಳಬೇಕಿತ್ತಲ್ಲವೇ?

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ರೈತ ಸಾಹುಕಾರನ ಬಾಗಿಲಿಗೆ ಹೋಗದಿರಲಿ ಎಂದೇ ಇಂಥ ಸಂಘಗಳು ಹುಟ್ಟಿದ್ದು. ಇವತ್ತು ಸಂಘವೇ ನಮ್ಮನ್ನು ಆ ಬಾಗಿಲಿಗೆ ಅಟ್ಟುತ್ತಿದೆ. ಇದನ್ನು ಯಾವ ಬಾಯಿಂದ ಸಹಕಾರ ಎನ್ನುತ್ತೀರಿ?

ಅಸಲು ಕಟ್ಟಿದ ದಿನವೇ ಸಾಲ ಕೊಡಿಸಿ. ಸೊಸೈಟಿಗೆ ದುಡ್ಡು ಕೊಡುವ ಜಿಲ್ಲಾ ಸಹಕಾರ (ಡಿಸಿಸಿ) ಬ್ಯಾಂಕಿನಲ್ಲಿ ದುಡ್ಡಿಲ್ಲದಿದ್ದರೆ, ಬರುವವರೆಗೂ ಗಡುವು ಮುಂದೂಡಿ, ಬಡ್ಡಿ ಹಾಕಬೇಡಿ. ಯಾರಿಗೆ ಎಷ್ಟು ಸಾಲ ಸಿಕ್ಕಿತೆಂಬ ಪಟ್ಟಿ ಪ್ರತಿ ಸೊಸೈಟಿಯ ಗೋಡೆಯ ಮೇಲಿರಲಿ. ಸಮಿತಿ, ವರದಿ ಏನೂ ಬೇಡ, ಒಂದು ಸುತ್ತೋಲೆ ಸಾಕು. ಮತ್ತೆ ಕೇಳುತ್ತಿದ್ದೇನೆ, ಕಟ್ಟಿದ ದಿನವೇ ಕೊಡಿಸಿ. ಮುಂದಿನ ಮುಂಗಾರಿಗೆ ಮೊದಲೇ ಆ ಸುತ್ತೋಲೆ ಹೊರಡಿಸಿ.

ಇಂತಿ,
ಸೊಸೈಟಿಯ ಸದಸ್ಯ ರೈತ