ಸ್ಕಿಪ್ ಬಟನ್ ಒತ್ತಿದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ಸರಿಯಾಗಿ ಊಟ ಮಾಡ್ತಿದ್ದೀಯಾ ಅಂತ ಕೇಳಿದರೆ ಹೂಂ ಅಂತೀಯ, ಅದಕ್ಕೇ ಕೇಳುವುದಿಲ್ಲ. ಅಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ. ಹಾಗಂತ ಬೆಳಿಗ್ಗೆ ಹೂ ಕೀಳುವುದನ್ನು ಬಿಟ್ಟಿಲ್ಲ.

ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು "ಅಪ್ಪಾ, ವಿಷಯಕ್ಕೆ ಬಾ" ಅಂತೀಯ. ಪತ್ರದಲ್ಲಿ ಆ ಮಾತು ನನಗೆ ಕೇಳಿಸುವುದಿಲ್ಲ ನೋಡು.

ವಿಷಯ ಇಷ್ಟೇ. ಹೋದ ತಿಂಗಳು ಪುಣೆಗೆ ಬಂದಿದ್ದೆನಲ್ಲ, ನೀನು ಆಫೀಸಿಂದ ಬಂದು ಕಾಲು ತೊಳೆದು ಲ್ಯಾಪ್‌ಟಾಪ್ ತೆಗೆದು ಯಾವುದೋ ಸೀರಿಯಲ್ ಹಾಕಿದೆ, ಹಾಡು ಶುರುವಾಯಿತು, ನಾನು ದಿಂಬು ಬೆನ್ನಿಗೆ ಇಟ್ಟುಕೊಂಡು ಕನ್ನಡಕ ಹುಡುಕಿ ಕೂರುವಷ್ಟರಲ್ಲಿ ನೀನು ಟಕ್ ಅಂತ ಏನೋ ಒತ್ತಿದೆ, ಹಾಡು ಮಾಯ. "ಯಾಕೇ?" ಅಂದೆ. "ಅದು ಸುಮ್ನೆ ಟೈಟಲ್ಲು ಅಪ್ಪಾ, ಕಥೆ ಈಗ ಶುರು" ಅಂದೆ. ಆ ಸ್ಕಿಪ್ ಬಟನ್ನನ್ನು ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ತಂದರು ಅಂತ ಆಮೇಲೆ ಓದಿದೆ. ಒಳ್ಳೆಯದೇ, ನಿಮಗೆ ಟೈಮಿಲ್ಲ.

ಆದರೆ ಮಾರನೇ ದಿನ ನಾನು ಇನ್ನೊಂದು ನೋಡಿದೆ. ನೀನೂ ನಿನ್ನ ರೂಮ್‌ಮೇಟೂ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು 'ಫ್ರೆಂಡ್ಸ್' ಹಾಕಿದಿರಿ. ಆ ಹಾಡು ಬಂದಾಗ ಯಾರೂ ಏನೂ ಒತ್ತಲಿಲ್ಲ. ಒತ್ತುವುದಿರಲಿ, ಸರಿಯಾದ ಜಾಗದಲ್ಲಿ ಇಬ್ಬರೂ ಒಟ್ಟಿಗೆ ನಾಲ್ಕು ಸಲ ಚಪ್ಪಾಳೆ ತಟ್ಟಿದಿರಿ. ನಿನ್ನ ಒಂದು ಕೈಯಲ್ಲಿ ಚಮಚ ಇತ್ತು, ಅದನ್ನೇ ತಟ್ಟೆಗೆ ಬಡಿದೆ. ಆ ಸೀರಿಯಲ್ ಶುರುವಾಗಿದ್ದು 1994ರಲ್ಲಿ, ನೀನು ಹುಟ್ಟಿದ್ದು 2000ದಲ್ಲಿ. ಈಗ ಹೇಳು, ಹಳೇ ಹಾಡಿನ ಹುಚ್ಚು ನನಗೊಬ್ಬನಿಗೇನಾ?

ಆ ಹಾಡಿನ ಕಥೆಯೂ ಚೆನ್ನಾಗಿದೆ. ರೆಂಬ್ರಾಂಟ್ಸ್ ಅನ್ನೋ ಬ್ಯಾಂಡಿನವರು ಮೊದಲು ಮಾಡಿದ್ದು ಟಿವಿಗೆ ಬೇಕಾದಷ್ಟು, ಒಂದು ನಿಮಿಷವೂ ಇರಲಿಲ್ಲ. ಅಮೆರಿಕದ ನ್ಯಾಶ್‌ವಿಲ್ ಊರಿನ ರೇಡಿಯೋದವರು ಆ ಚೂರನ್ನೇ ಮತ್ತೆ ಮತ್ತೆ ಜೋಡಿಸಿ ಉದ್ದ ಮಾಡಿ ಹಾಕಿದರು. ಜನ ಬೇಕು ಬೇಕು ಅಂದಮೇಲೆ ಬ್ಯಾಂಡಿನವರು ಕೂತು ಪೂರ್ತಿ ಹಾಡು ಮಾಡಿದರು. ಅಂದರೆ ಮೊದಲು ಬಾಲ ಬಂತು, ಆಮೇಲೆ ಹಸು.

ಈಗ ನನ್ನ ಹಾಡಿಗೆ ಬರುತ್ತೇನೆ.

ಚಾಮರಾಜಪೇಟೆಯ ವಠಾರದ ಕಥೆ ನಿನಗೆ ಅರ್ಧಂಬರ್ಧ ಗೊತ್ತು. ಆರು ಮನೆ, ಮಧ್ಯೆ ಉದ್ದಕ್ಕೆ ಓಣಿ, ಕೊನೆಯಲ್ಲಿ ಬಾವಿ, ಬಾವಿ ಪಕ್ಕದ್ದೇ ನಮ್ಮ ಮನೆ. ಮುಂದುಗಡೆ ಬೀದಿಗೆ ಮುಖ ಮಾಡಿದ್ದು ಓನರ್ ಮನೆ. ಇಡೀ ವಠಾರಕ್ಕೆ ಒಂದೇ ಟಿವಿ, ಅವರದ್ದು. ಸಾಲಿಡೇರ್, ಕಪ್ಪು ಬಿಳುಪು, ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಬೀಗ ಬೇರೆ. 1984ರಲ್ಲಿ ನನಗೆ ಹತ್ತು ವರ್ಷ. ಆ ವರ್ಷ ದೂರದರ್ಶನದಲ್ಲಿ 'ಯೇ ಜೋ ಹೈ ಜಿಂದಗೀ' ಶುರುವಾಯಿತು. ಶುಕ್ರವಾರ ರಾತ್ರಿ ಒಂಬತ್ತಕ್ಕೆ. ನಗಿಸುವ ಸೀರಿಯಲ್, ನಿಮ್ಮ ಭಾಷೆಯಲ್ಲಿ ಸಿಟ್‌ಕಾಮ್. ನಮ್ಮ ದೇಶದ ಮಟ್ಟಿಗೆ ಅದೇ ಮೊದಲನೆಯದು ಅಂತಾರೆ. ಟೈಟಲ್ ಹಾಡು ಹಾಡಿದ್ದು ಕಿಶೋರ್ ಕುಮಾರ್! ಸಿನಿಮಾದಲ್ಲಿ ಅಷ್ಟು ದೊಡ್ಡ ಹೆಸರಾದ ಮನುಷ್ಯ ಟಿವಿಗೆ ಹಾಡಿದ್ದಾರೆ ಅಂತ ಓನರ್ ಮನೆ ಅಜ್ಜ ಪ್ರತಿ ವಾರ ಹೇಳೋರು, ತಾವೇ ಹೋಗಿ ಕರೆದುಕೊಂಡು ಬಂದ ಹಾಗೆ.

ನಮಗ್ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಸತೀಶ್ ಶಾ ಪ್ರತಿ ವಾರ ಒಂದೊಂದು ಬೇರೆ ವೇಷದಲ್ಲಿ ಬರುತ್ತಿದ್ದರು, ಈ ವಾರ ಏನು ವೇಷ ಅಂತ ನೋಡೋದೇ ನಮಗೆ ಕಥೆ. ಮಿಕ್ಕಿದ್ದಕ್ಕೆಲ್ಲ ದೊಡ್ಡವರು ನಕ್ಕಾಗ ನಾವೂ ನಗುತ್ತಿದ್ದೆವು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಿನಗೆ ಫೋನ್ ಮಾಡಿದ್ದೆ, ನೀನು ಮೀಟಿಂಗಲ್ಲಿದ್ದೆ. ಪರವಾಗಿಲ್ಲ ಬಿಡು. ಆ ರಾತ್ರಿ ಯೂಟ್ಯೂಬಲ್ಲಿ ಆ ಹಾಡು ಹುಡುಕಿ ಮೂರು ಸಲ ಹಾಕಿದೆ. ಆಗಲೇ ಗೊತ್ತಾಗಿದ್ದು, ಹಾಡು ಕೇಳಿದರೆ ನನ್ನ ನೆನಪಿಗೆ ಕಿಶೋರ್ ಕುಮಾರೂ ಬರಲಿಲ್ಲ, ಸತೀಶ್ ಶಾನೂ ಬರಲಿಲ್ಲ. ಬಂದಿದ್ದು ಸೀಮೆಎಣ್ಣೆ ಸ್ಟೌ ವಾಸನೆ.

ಯಾಕೆ ಅಂತ ಹೇಳ್ತೀನಿ. ಮೊದಮೊದಲು ಅಜ್ಜಿಯೂ ನಮ್ಮ ಜೊತೆ ಓನರ್ ಮನೆಗೆ ಬರುತ್ತಿದ್ದರು, ಬಾಗಿಲ ಹತ್ತಿರ, ಸೆರಗು ಹೊದ್ದು, ಅರ್ಧ ಒಳಗೆ ಅರ್ಧ ಹೊರಗೆ ಕೂರುತ್ತಿದ್ದರು. ಒಂದು ತಿಂಗಳು ಬಾಡಿಗೆ ಹತ್ತು ದಿನ ತಡವಾಯಿತು. ಆ ಶುಕ್ರವಾರ ಓನರ್ ಮನೆಯಾಕೆ ಎಲ್ಲರ ಎದುರಿಗೆ, ನಗುನಗುತ್ತಲೇ, "ಕರೆಂಟ್ ಬಿಲ್ಲೂ ನಾವೇ ಕಟ್ಟಬೇಕು, ಸೀಟೂ ನಾವೇ ಕೊಡಬೇಕು" ಅಂದರು. ಅಜ್ಜಿ ಏನೂ ಅನ್ನಲಿಲ್ಲ. ಸ್ಟೌ ಮೇಲೆ ಹಾಲಿದೆ ಅಂತ ಎದ್ದು ಬಂದರು. ಸ್ಟೌ ಮೇಲೆ ಹಾಲಿರಲಿಲ್ಲ, ನನಗೆ ಗೊತ್ತಿತ್ತು. ಮಕ್ಕಳನ್ನು ಮಾತ್ರ ಯಾವತ್ತೂ ಬೇಡ ಅನ್ನಲಿಲ್ಲ, ತಾವು ಆ ಹೊಸ್ತಿಲು ದಾಟಲಿಲ್ಲ ಅಷ್ಟೇ.

ಆದರೆ ಹಾಡಿಗೆ ಹೊಸ್ತಿಲು ಎಲ್ಲಿದೆ? ಓನರ್ ಅಜ್ಜನಿಗೆ ಕಿವಿ ಮಂದ, ವಾಲ್ಯೂಮ್ ಯಾವಾಗಲೂ ಜಾಸ್ತಿ. ಹಾಡು ಓಣಿಯುದ್ದ ಹರಿದು ಬಾವಿ ತನಕ ಬರುತ್ತಿತ್ತು. ಮಾತು ಅಷ್ಟು ದೂರ ಬರುತ್ತಿರಲಿಲ್ಲ. ಹಾಗಾಗಿ ಅಜ್ಜಿಗೆ ಕಥೆ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಹಾಡು ಮಾತ್ರ ಎಲ್ಲ ಗೊತ್ತು. ಅದೇ ಅವರ ಗಡಿಯಾರ ಆಯಿತು. ಶುರುವಿನ ಹಾಡು ಕೇಳಿದರೆ ಅಕ್ಕಿ ಹಾಕೋರು, ಕೊನೆಗೆ ಹೆಸರು ಓಡುವಾಗ ಮತ್ತೆ ಸಂಗೀತ ಬಂದರೆ ಅನ್ನ ಬಸಿಯೋರು. ನಾವು ಓಡಿ ಬರುವಷ್ಟರಲ್ಲಿ ತಟ್ಟೆ ಹಾಕಿರುತ್ತಿತ್ತು. ಆ ಹಿಂದಿ ಪದಗಳು ಬಾಯಿಗೆ ಬರುತ್ತಿರಲಿಲ್ಲವಲ್ಲ, ಕಿಶೋರ್ ಕುಮಾರ್ ರಾಗಕ್ಕೆ ಅಜ್ಜಿ ತಮ್ಮದೇ ಸಾಹಿತ್ಯ ಹಾಕಿದ್ದರು. ಉದ್ದಿನಬೇಳೆ, ಕಡಲೇಬೇಳೆ, ಮುಗಿದುಹೋದ ತೊಗರಿಬೇಳೆ. ತಿಂಗಳ ಕೊನೆಯಲ್ಲಿ ಆ ಪಟ್ಟಿ ಉದ್ದ ಆಗುತ್ತಿತ್ತು. ಅಂಗಡಿಗೆ ಹೋಗುವಾಗ ನನಗೆ ಚೀಟಿಯೇ ಬೇಕಿರಲಿಲ್ಲ, ದಾರಿಯುದ್ದಕ್ಕೂ ಅದನ್ನೇ ಹಾಡಿಕೊಂಡು ಹೋಗುತ್ತಿದ್ದೆ.

'ಮಾಲ್ಗುಡಿ ಡೇಸ್' ಬಂದಾಗ ಅಜ್ಜಿಗೆ ಆ ಕಷ್ಟವೂ ಇರಲಿಲ್ಲ. ಅದನ್ನು ಕಾಮಿಡಿ ಅನ್ನೋಕಾಗಲ್ಲ, ಆದರೆ ಹಾಡಿನ ಮಾತು ಬಂದಮೇಲೆ ಅದನ್ನು ಬಿಟ್ಟು ಹೇಗೆ ಹೋಗಲಿ. ಆಗುಂಬೆಯಲ್ಲಿ ಶಂಕರ್‌ನಾಗ್ ತೆಗೆದಿದ್ದು, ಸ್ವಾಮಿಯಾಗಿ ನಮ್ಮ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಲ್ಲ ನಮ್ಮವರೇ, ಮಾತಾಡುತ್ತಿದ್ದದ್ದು ಮಾತ್ರ ಹಿಂದಿ. ಸಂಗೀತ ಎಲ್. ವೈದ್ಯನಾಥನ್ ಅವರದ್ದು, 'ಅಪರಿಚಿತ' ಸಿನಿಮಾಕ್ಕೂ ಅವರದ್ದೇ. ಆ ಟೈಟಲ್‌ಗೆ ಪದವೇ ಇಲ್ಲ. ಬರೀ ತಾನನ. ಹಿಂದಿ ಬರದವರು, ಇಂಗ್ಲಿಷ್ ಬರದವರು, ಇನ್ನೂ ಮಾತೇ ಬರದ ಕೂಸುಗಳು, ಎಲ್ಲರೂ ಅದನ್ನು ಒಂದೇ ಥರ ಹಾಡಬಹುದು. ಬಾವಿಯಿಂದ ನೀರು ಸೇದುವಾಗ ಅಜ್ಜಿ ಅದನ್ನೇ ಗುನುಗೋರು. ಹಗ್ಗ ಎಳೆಯುವ ಲಯಕ್ಕೆ ಅದು ಸರಿಯಾಗಿ ಕೂರುತ್ತಿತ್ತು. ಬೇಕಿದ್ದರೆ ಒಂದು ಸಲ ಗುನುಗಿ ನೋಡು, ಕೈ ತಾನಾಗೇ ಎಳೆಯುತ್ತದೆ.

ನನಗೆ ಒಂದು ಅನುಮಾನ ಇದೆ, ಸರಿಯೋ ತಪ್ಪೋ. ಆಗಿನ ಟೈಟಲ್ ಹಾಡುಗಳನ್ನು ಟಿವಿ ಮುಂದೆ ಕೂತವರಿಗಿಂತ ಜಾಸ್ತಿ, ಇನ್ನೂ ಬಂದು ಕೂರದವರಿಗಾಗಿ ಮಾಡುತ್ತಿದ್ದರು ಅನಿಸುತ್ತದೆ. ಬಚ್ಚಲಲ್ಲಿ ಇರೋರು, ಪಾತ್ರೆ ತೊಳೆಯೋರು, ಬೀದಿಯಲ್ಲಿ ಗೋಲಿ ಆಡೋರು, ಎಲ್ಲರೂ ಕೈ ಒರೆಸಿಕೊಂಡು ಬರುವುದಕ್ಕೆ ಒಂದು ನಿಮಿಷ ಬೇಕಲ್ವಾ? ದೇವಸ್ಥಾನದಲ್ಲಿ ಮಂಗಳಾರತಿಗೆ ಮುಂಚೆ ಗಂಟೆ ಹೊಡೀತಾರಲ್ಲ, ಹಾಗೆ. ಇದ್ದದ್ದು ಒಂದೇ ಚಾನೆಲ್ಲು, ಯಾರೂ ಎಲ್ಲಿಗೂ ಓಡಿಹೋಗುವ ಭಯ ಇರಲಿಲ್ಲ. ರಿಮೋಟ್ ಬಂದಮೇಲೆ ನೋಡು, ಹಾಡು ಮುಗಿಯುವಷ್ಟರಲ್ಲಿ ಜನ ಇನ್ನೊಂದು ಕಡೆಗೆ ಹಾರಿರುತ್ತಾರೆ. ಹಾಡು ಗಿಡ್ಡ ಆಯಿತು. ನಿನ್ನ ಲ್ಯಾಪ್‌ಟಾಪಲ್ಲಿ ನೀನು ಒಬ್ಬಳೇ, ಆಗಲೇ ಕೂತೂ ಆಗಿದೆ, ಯಾರನ್ನು ಕರೆಯಬೇಕು? ನೀನು ಒತ್ತಿದ್ದು ತಪ್ಪಲ್ಲ ಬಿಡು.

ನಮ್ಮದೇ ಟಿವಿ ಬಂದಮೇಲೂ ಅಜ್ಜಿ ಬದಲಾಗಲಿಲ್ಲ, ಅದೇ ತಮಾಷೆ. ಕಂತಿನಲ್ಲಿ ತಂದ ಪುಟ್ಟ ಟಿವಿ, ನಡುಮನೆಯಲ್ಲಿ ಸ್ಟೂಲ್ ಮೇಲೆ. ಈಗ ಹೊಸ್ತಿಲೂ ಇಲ್ಲ, ಬಾಡಿಗೆ ಮಾತೂ ಇಲ್ಲ. "ಬಾಮ್ಮ, ಶುರುವಾಯ್ತು" ಅಂದರೆ "ಹಾಡು ಕೇಳಿಸ್ತಿದೆ ಕಣೋ, ಕಥೆ ಶುರುವಾದ್ಮೇಲೆ ಬರ್ತೀನಿ" ಅಂತ ಅಡುಗೆಮನೆಯಿಂದಲೇ ಕೂಗೋರು. ಹಾಡು ಅಂದರೆ ಒಳಗಿದ್ದು ಕೇಳುವ ವಸ್ತು ಅಂತ ಅವರಿಗೆ ಕೂತುಬಿಟ್ಟಿತ್ತು.

ಆಮೇಲೆ ಕನ್ನಡದ ಹಾಡುಗಳ ಕಾಲ ಬಂತು. 'ಸಿಹಿಕಹಿ' ಸೀರಿಯಲ್ ನೆನಪಿರೋರು ಈಗ ಕಮ್ಮಿ, ಆದರೆ ಅದರಲ್ಲಿದ್ದ ಚಂದ್ರು, ಗೀತಾ ಇಬ್ಬರ ಹೆಸರಿನ ಹಿಂದೆ ಅದು ಇವತ್ತಿಗೂ ಅಂಟಿಕೊಂಡಿದೆ. ಫಣಿ ರಾಮಚಂದ್ರ ಅವರ 'ದಂಡಪಿಂಡಗಳು' ಬರುವಾಗ ನಿನ್ನ ಚಿಕ್ಕಪ್ಪ ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದ. ಬೆಳಿಗ್ಗೆ ಒಂಬತ್ತಾದರೂ ಏಳದಿದ್ದರೆ ಅಜ್ಜಿ ಬೈಯುತ್ತಿರಲಿಲ್ಲ, ಅವನ ಹಾಸಿಗೆ ಪಕ್ಕ ಕಸ ಗುಡಿಸುತ್ತಾ ಆ ಟೈಟಲ್ ಹಾಡು ಶುರು ಮಾಡೋರು. ಒಂದು ಸಾಲಿಗೇ ಅವನು ಎದ್ದು ಟವೆಲ್ ಹುಡುಕುತ್ತಿದ್ದ. ಅವನಿಗೆ ಈಗಲೂ ಆ ಹಾಡು ಆಗಿಬರುವುದಿಲ್ಲ, ಮುಂದಿನ ಸಲ ಕೇಳಿ ನೋಡು.

1998ರಲ್ಲಿ 'ಮಾಯಾಮೃಗ' ಬಂತು, ಟಿ.ಎನ್. ಸೀತಾರಾಮ್ ಮತ್ತು ಗೆಳೆಯರದ್ದು. ಅದರ ಹಾಡು ಎಚ್.ಎಸ್. ವೆಂಕಟೇಶಮೂರ್ತಿ ಬರೆದದ್ದು. ಕವಿತೆಯಾಗಿ ನೋಡಿದರೆ ಈ ಪಟ್ಟಿಯಲ್ಲಿ ಅದೇ ಮೇಲು, ನಾನು ಒಪ್ಪುತ್ತೇನೆ. ಆದರೂ ಕಾಮಿಡಿ ಸೀರಿಯಲ್ಲಿನ ಹಾಡು ಮಾಡುವುದು ಅದಕ್ಕಿಂತ ಕಷ್ಟ ಅಂತ ನನ್ನ ವಾದ. ಗಂಭೀರ ಹಾಡು ಕೇಳಿದಷ್ಟೂ ಆಳವಾಗುತ್ತದೆ. ಜೋಕು ಎರಡನೇ ಸಲಕ್ಕೇ ಹಳಸುತ್ತದೆ. ವಾರಕ್ಕೆ ಐದು ದಿನ ಬರುವ ಸೀರಿಯಲ್, ಅದರ ಹಾಡಲ್ಲಿ ಜೋಕು ಹೇಳಬಾರದು, ಆದರೂ ಕೇಳಿದ ತಕ್ಷಣ ಮುಖದಲ್ಲಿ ನಗು ಬರಬೇಕು. ಇಟಿವಿ ಕನ್ನಡದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಎರಡೂ ಆ ಕೆಲಸ ಮಾಡಿದವು.

'ಪಾಪ ಪಾಂಡು' ನಿನ್ನದು. ನಿನಗೆ ನೆನಪಿರುವುದಕ್ಕೆ ಸಾಧ್ಯವಿಲ್ಲ, ಆಗ ನೀನು ಊಟಕ್ಕೆ ಬಾಯಿಯೇ ಬಿಡುತ್ತಿರಲಿಲ್ಲ. ಹಾಡು ಬಂದರೆ ಮಾತ್ರ ಎಲ್ಲಿದ್ದರೂ ಓಡಿ ಬಂದು ಟಿವಿ ಮುಂದೆ ನಿಂತು ಮೊಣಕಾಲು ಮಡಚಿ ಮಡಚಿ ಕುಣಿಯುತ್ತಿದ್ದೆ, ಬಾಯಿ ತಾನಾಗಿ ತೆರೆದಿರುತ್ತಿತ್ತು. ಅಜ್ಜಿ ಮೊದಲೇ ಸಾರನ್ನ ಕಲಸಿ ಉಂಡೆ ಮಾಡಿಟ್ಟುಕೊಂಡು ಪಕ್ಕದಲ್ಲಿ ತಯಾರಾಗಿರೋರು. ಹಾಡು ಮುಗಿಯುವುದರೊಳಗೆ ಮೂರು ತುತ್ತು, ಕೆಲವು ದಿನ ನಾಲ್ಕು. ಪಾಂಡುವಾಗಿ ಚಿದಾನಂದ್ ತೆರೆ ಮೇಲೆ ಬರುವ ಹೊತ್ತಿಗೆ ನೀನು ಮತ್ತೆ ಬಾಯಿ ಮುಚ್ಚಿ ಓಟ. ಅಂದರೆ ಆಗಲೂ ನಿನ್ನದು ಸ್ಕಿಪ್ಪೇ, ಹಾಡು ನೋಡಿ ಕಥೆಯನ್ನು ಬಿಡುತ್ತಿದ್ದೆ.

ಕಳೆದ ದೀಪಾವಳಿಗೆ ನೀನು ಬಂದಿದ್ದಾಗ ನಡೆದದ್ದು ಹೇಳಿ ಮುಗಿಸುತ್ತೇನೆ. ನೀನು ದೊಡ್ಡ ಟಿವಿಗೆ ಯೂಟ್ಯೂಬ್ ಹಾಕಿಕೊಟ್ಟು ಗೆಳತಿಯ ಮನೆಗೆ ಹೋದೆಯಲ್ಲ, ಆಗ ನಾನು 'ಮಾಲ್ಗುಡಿ ಡೇಸ್' ಹಾಕಿದೆ. ಅಜ್ಜಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು, ಹಾಗಾಗಿ ಎಲ್ಲೂ ಹೋಗುವ ಹಾಗಿರಲಿಲ್ಲ. ತಾನನ ಶುರುವಾಯಿತು. ತುಟಿ ಅಲ್ಲಾಡುತ್ತಿತ್ತು. ತೆರೆಯ ಮೇಲೆ ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು ಒಂದೊಂದಾಗಿ ಬರತೊಡಗಿದವು. ಅಜ್ಜಿ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇದಕ್ಕೆ ಚಿತ್ರ ಬೇರೆ ಇತ್ತೇನೋ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುಮಾರು ನಲವತ್ತು ವರ್ಷ ಆ ಹಾಡು ಬಾಯಲ್ಲಿ ಇಟ್ಟುಕೊಂಡಿದ್ದಾರೆ, ಅದರ ಚಿತ್ರ ನೋಡಿದ್ದು ಅವತ್ತೇ ಮೊದಲು. "ಇತ್ತಮ್ಮ" ಅಂದೆ. "ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. ಎರಡನೇ ಸಲ ಹಾಡಲೇ ಇಲ್ಲ, ಬರೀ ನೋಡಿದರು. ಮುಗಿದು ಕಥೆ ಶುರುವಾಗಿ ಸ್ವಾಮಿ ಬಂದ ತಕ್ಷಣ, ಎಣ್ಣೆ ಕಾಲಲ್ಲೇ ಗೋಡೆ ಹಿಡಿದುಕೊಂಡು ಎದ್ದರು. "ಎಲ್ಲಿಗಮ್ಮ?" ಅಂದರೆ "ಅನ್ನಕ್ಕಿಡ್ತೀನಿ, ಹಾಡಾಯ್ತಲ್ಲ."

ಈಗ ಅವರಿಗೆ 'ಪಾಪ ಪಾಂಡು' ಚಿತ್ರವೂ ನೋಡಬೇಕಂತೆ. ಆಗೆಲ್ಲ ನಿನ್ನ ಬಾಯಿ ನೋಡುತ್ತಾ ಕೂತಿದ್ದರಿಂದ ಟಿವಿ ನೋಡಲೇ ಇಲ್ಲವಂತೆ. ನಾನು ಹುಡುಕಿದರೆ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಮಾಡಿದ ಹೊಸ 'ಪಾಪ ಪಾಂಡು'ನೇ ಮೇಲೆ ಬರುತ್ತಿದೆ. ಅಜ್ಜಿಗೆ ಬೇಕಿರುವುದು ಹಳೇದು. ನಿನಗೆ ಸಿಕ್ಕರೆ ಲಿಂಕ್ ಕಳಿಸು, ಭಾನುವಾರದೊಳಗೆ.

ಚಟ್ನಿಪುಡಿ ನಿನ್ನೆ ಕೊರಿಯರ್ ಮಾಡಿದ್ದೇನೆ, ಡಬ್ಬ ವಾಪಸ್ ತರಬೇಕಂತೆ, ನಿನ್ನಮ್ಮ ಎರಡು ಸಲ ಹೇಳಿದಳು.

ನಿನ್ನ
ಅಪ್ಪ