ನೀರಿಗೆ ಜಾಗ ಬಿಡದೆ ನಗರ ತಣಿಯದು

ಮಾನ್ಯ ಸಂಪಾದಕರೇ,

ಮಹಾನಗರಗಳಲ್ಲಿ ಬಿಸಿಲಿನ ಝಳವೂ ದಿಢೀರ್ ಪ್ರವಾಹವೂ ಹೆಚ್ಚುತ್ತಿದ್ದರೂ ಪರಿಹಾರವೆಂದರೆ ಇನ್ನಷ್ಟು ಕಾಂಕ್ರೀಟ್ ಎಂಬ ನಂಬಿಕೆ ಆಡಳಿತಗಳನ್ನು ಬಿಟ್ಟುಹೋಗಿಲ್ಲ. ಹಗಲಿನ ಶಾಖವನ್ನು ಹೀರಿಕೊಂಡು ರಾತ್ರಿ ಹೊರಸೂಸುವ, ಮಳೆನೀರನ್ನು ಇಂಗಗೊಡದ ವಸ್ತುವೇ ಅದು. ಮರಗಳಾದರೋ ನೆರಳಿನಿಂದಲೂ ಎಲೆಗಳು ಹೊರಬಿಡುವ ನೀರಾವಿಯಿಂದಲೂ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ಕೊಲಂಬಿಯಾದ ಮೆಡೆಲಿನ್ ನಗರವು ರಸ್ತೆ, ಕಾಲುವೆಗಳ ಉದ್ದಕ್ಕೂ ಸುಮಾರು 30 ಹಸಿರು ಪಟ್ಟಿಗಳನ್ನು ಬೆಳೆಸಿ, ಅಲ್ಲಿನ ತಾಪಮಾನವನ್ನು ಅಂದಾಜು 2 ಡಿಗ್ರಿ ಸೆಲ್ಸಿಯಸ್ ತಗ್ಗಿಸಿದೆ.

2011ರ ಜುಲೈನಲ್ಲಿ ಸುರಿದ ಭಾರೀ ಮಳೆಗೆ ತತ್ತರಿಸಿದ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್, ಮರುವರ್ಷವೇ ಯೋಜನೆಯೊಂದನ್ನು ರೂಪಿಸಿ, ಉದ್ಯಾನಗಳನ್ನೂ ಕೆಲವು ಬೀದಿಗಳನ್ನೂ ಹೆಚ್ಚುವರಿ ನೀರನ್ನು ತಾತ್ಕಾಲಿಕವಾಗಿ ಹಿಡಿದಿಡುವ ತಾಣಗಳನ್ನಾಗಿ ಮಾರ್ಪಡಿಸತೊಡಗಿತು. ಇದಕ್ಕೂ ಮಿತಿಯುಂಟು: ಮಳೆನೀರನ್ನು ಸ್ಪಂಜಿನಂತೆ ಹೀರಿ ಹಿಡಿದಿಡುವಂತೆ ನಗರಗಳನ್ನು ರೂಪಿಸುವ ಚೀನಾದ ‘ಸ್ಪಂಜಿನ ನಗರ’ ಯೋಜನೆಯಲ್ಲಿ ಅಪಾರ ಹಣ ತೊಡಗಿಸಿದ್ದ ಝೆಂಗ್‌ಝೌ 2021ರಲ್ಲಿ ಒಂದೇ ಗಂಟೆಯಲ್ಲಿ ಸುರಿದ 200 ಮಿಲಿಮೀಟರ್‌ಗೂ ಹೆಚ್ಚು ಮಳೆಯನ್ನು ತಾಳಲಾಗದೆ ಮುಳುಗಿತು. ಆದ್ದರಿಂದ ಚರಂಡಿಗಳೂ ಮುನ್ಸೂಚನೆಯೂ ಬೇಕೇ ಬೇಕು.

ಆದರೆ ಸಸಿ ನೆಡುವ ಸಮಾರಂಭಗಳಿಗಿಂತ (ಅವುಗಳ ಛಾಯಾಚಿತ್ರಗಳಿಗೇನೂ ಕೊರತೆಯಿಲ್ಲ) ಇರುವ ಜೌಗುಭೂಮಿ, ಕೆರೆ ಹಾಗೂ ಹಳೆಯ ಮರಗಳನ್ನು ಉಳಿಸುವುದು ಅಗ್ಗ. ಅವುಗಳ ನಿರ್ವಹಣೆಗೆ ನಗರಾಡಳಿತಗಳು ವಾರ್ಷಿಕ ಬಜೆಟ್‌ನಲ್ಲಿ ಪ್ರತ್ಯೇಕ ಅನುದಾನವಿಡಬೇಕು, ಮತ್ತು ನೆರಳಿಲ್ಲದ ಬಡ ಬಡಾವಣೆಗಳಿಂದಲೇ ಹೊಸ ಹಸಿರೀಕರಣವನ್ನು ಆರಂಭಿಸಬೇಕು.

– ಓರ್ವ ಓದುಗ