ಗೆಳೆಯನಿಗೊಂದು ಪತ್ರ: ಯಾವ ಹಗ್ಗಕ್ಕೆ ಯಾವ ಗಂಟು

ಆತ್ಮೀಯ ಗೆಳೆಯನಿಗೆ ಸಪ್ರೇಮ ವಂದನೆಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮೆಲ್ಲರ ಕ್ಷೇಮವನ್ನು ಕೋರುತ್ತೇನೆ. ನಿನ್ನ ಪತ್ರ ತಲುಪಿತು. ಪಟ್ಟಣದ ನೌಕರಿ ಬಿಟ್ಟು ಊರಿನ ಮನೆಗೆ ಮರಳಿದ ಮೇಲೆ ದಿನವೂ ಒಂದಲ್ಲ ಒಂದು ಕೆಲಸಕ್ಕೆ ಹಗ್ಗ ಹಿಡಿಯಬೇಕಾಗುತ್ತದೆಂದೂ, ಕಟ್ಟಿದ್ದು ಒಂದೋ ತಾನಾಗಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಕತ್ತಿಯಿಂದ ಕೊಯ್ಯಬೇಕಾದಷ್ಟು ಕಗ್ಗಂಟಾಗುತ್ತದೆಂದೂ ಬರೆದಿದ್ದೀಯೆ. ಎಲ್ಲರೂ ಕಲಿತಿರಲೇಬೇಕಾದ ಗಂಟುಗಳು ಯಾವುವು ಎಂಬ ನಿನ್ನ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸಬೇಕೆನಿಸಿತು. ಬೇರೆಯವರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ.

ಗಂಟುಗಳ ಲೋಕಕ್ಕೆ ಕೊನೆಯೆಂಬುದಿಲ್ಲ. ಅಮೆರಿಕದ ಚಿತ್ರಕಲಾವಿದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಬೃಹತ್ ಗ್ರಂಥದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಆದರೆ ಮನೆ, ಕೊಟ್ಟಿಗೆ, ತೋಟ, ಪ್ರಯಾಣ ಇಷ್ಟಕ್ಕೆ ಬೆರಳೆಣಿಕೆಯ ಗಂಟುಗಳು ಧಾರಾಳವಾಗಿ ಸಾಕು. ಅವುಗಳನ್ನು ಕಲಿಯುವುದಕ್ಕೂ ಮೊದಲು ಹಗ್ಗ ಕೈಗೆತ್ತಿಕೊಂಡಾಗಲೆಲ್ಲ ನಿನ್ನನ್ನು ನೀನೇ ಕೇಳಿಕೊಳ್ಳಬೇಕಾದ ಒಂದು ಮಾತಿದೆ: ಭಾರ ಬಿದ್ದಾಗ ಈ ಕುಣಿಕೆ ಬಿಗಿಯಬೇಕೋ, ಬಿಗಿಯಬಾರದೋ? ಬಾವಿಯಿಂದ ನೀರು ಸೇದುವಾಗ ಬಿಂದಿಗೆಯ ಕುತ್ತಿಗೆಗೆ ಜೀರುಗುಣಿಕೆ ಹಾಕುತ್ತೇವೆ. ನೀರು ತುಂಬಿದಷ್ಟೂ ಅದು ಬಿಗಿಯುತ್ತದೆ, ಕಟ್ಟೆಯ ಮೇಲಿಟ್ಟೊಡನೆ ಸಡಿಲವಾಗುತ್ತದೆ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಟ್ಟು ಬೇರೆ ಇಲ್ಲ. ಅದೇ ಜೀರುಗುಣಿಕೆಯನ್ನು ಕರುವಿನ ಕೊರಳಿಗೆ ಹಾಕಿದರೆ, ಅದು ಬೆದರಿ ಎಳೆದಷ್ಟೂ ಉಸಿರು ಕಟ್ಟುತ್ತದೆ. ಗಂಟು ಗಟ್ಟಿಯಾಗಿದ್ದರೆ ಸಾಕು ಎಂದು ನಂಬಿದವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಹಗ್ಗದಿಂದ ಆಗುವ ಅನಾಹುತಗಳಲ್ಲಿ ಗಂಟು ಬಿಚ್ಚಿಹೋಗಿ ಆದವುಗಳಂತೆಯೇ, ಬಿಗಿಯಬಾರದ ಕಡೆ ಬಿಗಿದು ಆದವುಗಳೂ ಇವೆ.

ಆದ್ದರಿಂದ ಮೊದಲು ಕಲಿಯಬೇಕಾದದ್ದು ಎಷ್ಟು ಎಳೆದರೂ ಅಳತೆ ಬದಲಾಗದ ಕುಣಿಕೆಯನ್ನು. ನಾವಿಕರು ಅದನ್ನು ಬೋಲೈನ್ ಎನ್ನುತ್ತಾರೆ, ಸ್ಕೌಟ್ ತರಬೇತಿಯಲ್ಲಿಯೂ ಅದೇ ಹೆಸರಿನಿಂದ ಕಲಿಸುತ್ತಾರೆ. ಹಗ್ಗದ ಬಿಡಿ ಕೊನೆಯನ್ನು ತುದಿ ಎಂದೂ, ಭಾರ ಹೊರುವ ಉದ್ದನೆಯ ಭಾಗವನ್ನು ಭಾರದ ಎಳೆ ಎಂದೂ ಕರೆಯುತ್ತೇನೆ. ಭಾರದ ಎಳೆಯಲ್ಲಿ, ತುದಿಯಿಂದ ಒಂದೆರಡು ಮೊಳ ಬಿಟ್ಟು, ಹೆಬ್ಬೆರಳು ತೂರುವಷ್ಟು ಪುಟ್ಟ ಸುತ್ತೊಂದನ್ನು ಮಾಡು. ಹಗ್ಗ ಒಂದರ ಮೇಲೊಂದು ಹಾಯುವಲ್ಲಿ ತುದಿಯ ಕಡೆಯ ಎಳೆ ಮೇಲಿರಲಿ, ಭಾರದ ಎಳೆ ಕೆಳಗಿರಲಿ. ಈಗ ತುದಿಯನ್ನು ಗೂಟದ ಸುತ್ತ ತಂದು, ಆ ಪುಟ್ಟ ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಭಾರದ ಎಳೆಯ ಹಿಂದಿನಿಂದ ಬಳಸಿ, ಬಂದ ದಾರಿಯಲ್ಲೇ ಮತ್ತೆ ಸುತ್ತಿನೊಳಕ್ಕೆ ಇಳಿಸು. ಎಲ್ಲ ಎಳೆಗಳನ್ನೂ ಒಟ್ಟಿಗೆ ಹಿಡಿದು ನಿಧಾನವಾಗಿ ಬಿಗಿಮಾಡು. ಮೇಲೆ ಹೇಳಿದ ಹಾಯುವಿಕೆ ತಿರುವುಮುರುವಾದರೆ ಗಂಟು ಕೂಡುವುದೇ ಇಲ್ಲ, ಎಳೆದೊಡನೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಮಾತ್ರ ಎರಡು ಸಲ ಕಣ್ಣಿಟ್ಟು ನೋಡಬೇಕು.

ಈ ಗಂಟಿನ ಮೇಲೆ ನನಗೆ ಇಷ್ಟು ಪ್ರೀತಿ ಬರಲು ಕಾರಣ ಅದನ್ನು ಬಿಚ್ಚುವ ಬಗೆ. ಎಷ್ಟೇ ಭಾರ ಎಳೆದಿದ್ದರೂ, ಮಳೆಯಲ್ಲಿ ನೆನೆದು ಉಬ್ಬಿದ್ದರೂ, ಭಾರ ಇಳಿಸಿದ ಮೇಲೆ ಭಾರದ ಎಳೆಯನ್ನು ಹಿಂದಿನಿಂದ ಬಳಸಿದ ಆ ಕೊರಳಪಟ್ಟಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಗಂಟು ಸಡಿಲಗೊಳ್ಳುತ್ತದೆ. ಆದರೆ ಭಾರ ಇರುವಾಗ ಅದನ್ನು ಬಿಚ್ಚಲಾಗದು ಎಂಬುದು ನೆನಪಿರಲಿ. ಭಾರವೇ ಇಲ್ಲದೆ ಗಾಳಿಗೆ ಅಲ್ಲಾಡುತ್ತಿದ್ದರೆ, ಅದರಲ್ಲೂ ನುಣುಪಾದ ಪ್ಲಾಸ್ಟಿಕ್ ಹಗ್ಗದಲ್ಲಿ, ಅದು ತಾನಾಗಿ ಸಡಿಲಗೊಳ್ಳುವುದುಂಟು. ತುದಿಯನ್ನು ಹಗ್ಗದ ದಪ್ಪದ 12 ಪಟ್ಟಿಗಿಂತ ಕಡಿಮೆ ಬಿಡಬಾರದು. ಉಳಿದ ತುದಿಯಿಂದ ಕುಣಿಕೆಯ ಪಕ್ಕದ ಎಳೆಗೆ ಒಂದು ಅರೆಗಂಟು (ಎಳೆಯನ್ನು ಒಮ್ಮೆ ಸುತ್ತಿ, ತುದಿಯನ್ನು ಆ ಸುತ್ತಿನೊಳಗಿಂದಲೇ ತೂರಿಸಿ ಬಿಗಿಯುವುದು) ಹಾಕಿಬಿಟ್ಟರೆ ಚಿಂತೆಯಿರುವುದಿಲ್ಲ.

ಇನ್ನು ಕಂಬಕ್ಕೆ, ಗೂಟಕ್ಕೆ, ಮರಕ್ಕೆ ಕಟ್ಟುವ ವಿಚಾರ. ಇಲ್ಲಿ ಗಂಟಿಗಿಂತ ಸುತ್ತು ಮುಖ್ಯ ಎಂಬುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಕಂಬದ ಸುತ್ತ ಹಗ್ಗ ಸುತ್ತಿದಾಗ ಘರ್ಷಣೆ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣೆಯ ಗುಣಾಂಕ (ಅವು ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬುದರ ಅಳತೆ) 0.3 ಎಂದು ಹಿಡಿದರೆ, ಒಂದು ಪೂರ್ತಿ ಸುತ್ತಿನಲ್ಲಿ ನೀನು ಹಿಡಿದ ಬಲದ ಸುಮಾರು 6.5 ಪಟ್ಟು ಎಳೆತವನ್ನು ಹಗ್ಗ ತಡೆಯುತ್ತದೆ. ಎರಡು ಸುತ್ತಿಗೆ ಅದು 40 ಪಟ್ಟನ್ನು ದಾಟುತ್ತದೆ. ಕಂಬ ದಪ್ಪವೋ ತೆಳುವೋ ಎಂಬುದರಿಂದ ಈ ಲೆಕ್ಕ ಬದಲಾಗದು. ಹಡಗುಕಟ್ಟೆಯ ಗೂಟಕ್ಕೆ ಸುತ್ತಿದ ಹಗ್ಗದಿಂದ ಒಬ್ಬನೇ ಮನುಷ್ಯ ದೊಡ್ಡ ದೋಣಿಯನ್ನು ಹಿಡಿದು ನಿಲ್ಲಿಸುವುದು ಇದೇ ಬಲದಿಂದ. ಆದ್ದರಿಂದ ಎಳೆಯುವ ಹಸುವನ್ನಾಗಲಿ, ತುಂಬಿದ ಡ್ರಮ್ಮನ್ನಾಗಲಿ ಕಟ್ಟುವಾಗ ಮೊದಲು ಎರಡು ಸುತ್ತು ಹಾಕು, ಆಮೇಲೆ ಭಾರದ ಎಳೆಗೆ ಒಂದೇ ದಿಕ್ಕಿನಲ್ಲಿ ಎರಡು ಅರೆಗಂಟು ಹಾಕು. ಭಾರವನ್ನೆಲ್ಲ ಸುತ್ತುಗಳೇ ಹೊತ್ತುಕೊಳ್ಳುವುದರಿಂದ ಗಂಟು ಬಿರುಸಾಗುವುದಿಲ್ಲ, ಭಾರ ಇದ್ದಾಗಲೂ ಬಿಚ್ಚಬಹುದು.

ಕೊಟ್ಟಿಗೆಯ ಮಟ್ಟಿಗೆ ಒಂದು ಮಾತು ಸೇರಿಸುತ್ತೇನೆ. ದನದ ಕಣ್ಣಿಯನ್ನು ಗೂಟಕ್ಕೆ ಕಟ್ಟುವಾಗ ಕೊನೆಯ ಅರೆಗಂಟಿನಲ್ಲಿ ತುದಿಯನ್ನು ಪೂರ್ತಿ ಹೊರಗೆ ಎಳೆಯದೆ, ಮಡಿಚಿ ಮಡಿಕೆಯಾಗಿಯೇ ತೂರಿಸಿಡು. ಬೆಂಕಿಯೋ ಹಾವೋ ಬಂದ ಹೊತ್ತಿನಲ್ಲಿ ಕತ್ತಲಲ್ಲಿ ಗಂಟು ತಡಕಾಡುವ ಕಷ್ಟ ತಪ್ಪುತ್ತದೆ, ತುದಿಯನ್ನು ಜಗ್ಗಿದರೆ ಕೊನೆಯ ಅರೆಗಂಟು ಬಿಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಬೇಗ ಬಿಡಿಸಬಹುದು. ತುದಿ ದನದ ಬಾಯಿಗೆ ಎಟುಕದ ಕಡೆ ಇದ್ದರಾಯಿತು.

ಚಪ್ಪರಕ್ಕೆ ಗಳ ಬಿಗಿಯುವವರು ಹಗ್ಗವನ್ನು ಗಳದ ಸುತ್ತ ಒಮ್ಮೆ ತಂದು, ತನ್ನ ಮೇಲೆಯೇ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ಹಾಕಿ, ಆ ಅಡ್ಡ ಎಳೆಯ ಅಡಿಯಲ್ಲಿ ತುದಿಯನ್ನು ನುಗ್ಗಿಸಿ ಕೆಲಸ ಆರಂಭಿಸುವುದನ್ನು ನೀನು ನೋಡಿಯೇ ಇರುತ್ತೀಯೆ. ಅದೇ ಕ್ಲೋವ್ ಹಿಚ್. ಕಟ್ಟಲು ಎರಡು ಕ್ಷಣ ಸಾಕು, ಆದರೆ ನುಣುಪಾದ ಕೊಳವೆಯ ಮೇಲೆ ಅದು ಜಾರುತ್ತದೆ, ಗಳ ತಿರುಗಿದರೆ ಸಡಿಲವಾಗುತ್ತದೆ. ಬಿಗಿತದ ಆರಂಭಕ್ಕಷ್ಟೇ ಅದನ್ನು ಇಟ್ಟುಕೋ. ಅದೊಂದನ್ನೇ ನಂಬಿ ಏನನ್ನೂ ತೂಗುಹಾಕಬೇಡ.

ಎರಡು ಹಗ್ಗ ಜೋಡಿಸುವ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಬಲತುದಿಯನ್ನು ಎಡದ ಮೇಲೆ, ಆಮೇಲೆ ಎಡತುದಿಯನ್ನು ಬಲದ ಮೇಲೆ ಹಾಕಿ ಕಟ್ಟುವ ರೀಫ್ ಗಂಟು ಎಲ್ಲರಿಗೂ ಗೊತ್ತು. ಅದು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿ ಕಟ್ಟಲು, ಪುಸ್ತಕದ ಕಟ್ಟು ಕಟ್ಟಲು, ಚೀಲದ ಬಾಯಿ ಬಿಗಿಯಲು ಬಹಳ ಚೆನ್ನ. ಪ್ರಾಚೀನ ಗ್ರೀಕರೂ ರೋಮನ್ನರೂ ಅದನ್ನು ಹರ್ಕ್ಯುಲೀಸನ ಗಂಟು ಎಂದು ಕರೆದು, ಅದರಿಂದ ಕಟ್ಟಿದ ಗಾಯ ಬೇಗ ಮಾಯುತ್ತದೆಂದು ನಂಬಿದ್ದರು. ಆದರೆ ಭಾರ ಹೊರುವ ಎರಡು ಹಗ್ಗಗಳನ್ನು ಅದರಿಂದ ಜೋಡಿಸಲೇಬಾರದು. ಕಾರಣವನ್ನು ನಿನ್ನ ಕೈಯಿಂದಲೇ ತಿಳಿದುಕೊಳ್ಳಬಹುದು. ಬಿಗಿಯಾಗಿ ಒಂದು ರೀಫ್ ಗಂಟು ಕಟ್ಟಿ, ಒಂದು ಬದಿಯ ಬಿಡಿ ತುದಿಯನ್ನು ಅದೇ ಬದಿಯ ಉದ್ದನೆಯ ಎಳೆಗೆ ಎದುರಾಗಿ ಹಿಂದಕ್ಕೆ ಜಗ್ಗು. ಆ ಬದಿಯ ಹಗ್ಗ ಬಾಗು ಕಳೆದುಕೊಂಡು ನೇರ ಕಡ್ಡಿಯಾಗುತ್ತದೆ, ಇನ್ನೊಂದು ಹಗ್ಗ ಅದರ ಮೇಲೆ ಬರಿಯ ಉಂಗುರದಂತೆ ಉಳಿದು, ಸರ್ರನೆ ಜಾರಿ ಹೊರಬರುತ್ತದೆ. ಭಾರ ಹೊತ್ತ ಹಗ್ಗದ ತುದಿ ಎಲ್ಲಿಯೋ ಸಿಕ್ಕಿ ಎಳೆಯಲ್ಪಟ್ಟರೆ ಆಗುವುದೂ ಇದೇ. ಆಶ್ಲಿ ಈ ಬಳಕೆಯನ್ನು ಬಹಳ ಕಟುವಾದ ಮಾತುಗಳಿಂದ ಖಂಡಿಸಿದ್ದಾನೆ, ನಾನು ಅವನ ಪಕ್ಷದವನು.

ಎರಡು ಸಲವೂ ಬಲದ ಮೇಲೆ ಎಡವನ್ನೇ ಹಾಕಿದರೆ ಇನ್ನೂ ಕೆಟ್ಟದ್ದೊಂದು ಹುಟ್ಟುತ್ತದೆ. ನೋಡಲು ರೀಫ್ ಗಂಟಿನಂತೆಯೇ ಇದ್ದರೂ ತುದಿಗಳು ಹಗ್ಗದ ಸಾಲಿನಲ್ಲಿ ಕೂರದೆ ಅಡ್ಡಕ್ಕೆ ನಿಲ್ಲುತ್ತವೆ. 2020ರಲ್ಲಿ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯವಾದ ಎಂಐಟಿಯ ಸಂಶೋಧಕರು, ಒತ್ತಡ ಬಿದ್ದಲ್ಲಿ ಬಣ್ಣ ಬದಲಿಸುವ ವಿಶೇಷ ಎಳೆಗಳಲ್ಲಿ ಗಂಟು ಕಟ್ಟಿ ಇವೆರಡರ ಅಂತರವನ್ನು ವಿವರಿಸಿದರು. ರೀಫ್ ಗಂಟಿನಲ್ಲಿ ಎಳೆಗಳ ತಿರುಚು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಅವು ಪರಸ್ಪರ ತಡೆಹಿಡಿಯುತ್ತವೆ. ತಪ್ಪಾಗಿ ಕಟ್ಟಿದ್ದರಲ್ಲಿ ಒಟ್ಟಿಗೆ ಹೊರಳಿ ಸಡಿಲಗೊಳ್ಳುತ್ತವೆ. ಮಕ್ಕಳ ಶೂ ಲೇಸು ಪದೇಪದೇ ಬಿಚ್ಚುತ್ತಿದ್ದರೆ ಅದರ ಕಿವಿಗಳು ಯಾವ ಕಡೆ ನಿಂತಿವೆ ನೋಡು. ಪಾದಕ್ಕೆ ಅಡ್ಡವಾಗಿ ಮಲಗಿದ್ದರೆ ಸರಿಯಾದ ಗಂಟು. ಪಾದದ ಉದ್ದಕ್ಕೆ, ಒಂದು ಬೆರಳಿನ ಕಡೆಗೂ ಇನ್ನೊಂದು ಹಿಮ್ಮಡಿಯ ಕಡೆಗೂ ತಿರುಗಿದ್ದರೆ ಮೊದಲ ಅರೆಗಂಟನ್ನು ತಿರುವಿ ಹಾಕಲು ಹೇಳಿಕೊಡು.

ಹಗ್ಗಗಳನ್ನು ಜೋಡಿಸಲು ಶೀಟ್ ಬೆಂಡ್ ಕಲಿ. ದಪ್ಪ ಹಗ್ಗದ ತುದಿಯನ್ನು ಮಡಿಕೆ ಮಾಡಿ ಹಿಡಿದು, ತೆಳು ಹಗ್ಗವನ್ನು ಆ ಮಡಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಮಡಿಕೆಯ ಎರಡೂ ಎಳೆಗಳ ಹಿಂದಿನಿಂದ ಬಳಸಿ, ಕೊನೆಗೆ ತನ್ನದೇ ಎಳೆಯ ಅಡಿಯಲ್ಲಿ ನುಸುಳಿಸಬೇಕು. ದಪ್ಪದಲ್ಲಿ ಬಹಳ ಅಂತರವಿದ್ದರೆ ಹಿಂದಿನ ಬಳಸನ್ನು ಎರಡು ಸಲ ಹಾಕು. ಎಳೆಗಳ ಹೆಣಿಗೆಯನ್ನು ನೋಡಿದರೆ ಇದು ಬೋಲೈನಿನ ಒಡಹುಟ್ಟು. ಒಂದು ಕೈಗೆ ಹತ್ತಿದರೆ ಇನ್ನೊಂದು ತಾನಾಗಿ ಹತ್ತುತ್ತದೆ. ಮೀನುಬಲೆಯ ಕಣ್ಣುಕಣ್ಣಿನಲ್ಲೂ ಇರುವುದು ಇದೇ ಹೆಣಿಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಲ್ಪೆಯ ಕಡೆ ಹೋದರೆ ಹರಿದ ಬಲೆಗಳನ್ನು ಮಡಿಲಲ್ಲಿ ಹರಡಿಕೊಂಡು ದುರಸ್ತಿ ಮಾಡುವವರ ಕೈಗಳನ್ನು ಗಮನಿಸು. ಮರದ ಸೂಜಿಯಂಥದೊಂದು ಸಾಧನ ಮಡಿಕೆಯೊಳಗೆ ಹೊಕ್ಕು, ಹಿಂದೆ ಬಳಸಿ, ತನ್ನ ಎಳೆಯಡಿಯಲ್ಲಿ ನುಸುಳಿ ಹೊರಬರುವಷ್ಟರಲ್ಲಿ ಮುಂದಿನ ಕಣ್ಣು ಆರಂಭವಾಗಿರುತ್ತದೆ. ಮಗ್ಗದಲ್ಲಿ ತುಂಡಾದ ನೂಲನ್ನು ಕೂಡಿಸುವ ನೇಕಾರರ ಗಂಟೂ ಇದರ ರೂಪವೇ.

ಟೆಂಪೋದಲ್ಲಿ ಗೊಬ್ಬರದ ಚೀಲ ತರುವ ದಿನಕ್ಕೆ ಲಾರಿಯವರ ಗಂಟು ಬೇಕು. ಹಗ್ಗದ ಒಂದು ಕೊನೆಯನ್ನು ಆ ಬದಿಯ ಕೊಕ್ಕೆಗೆ ಕಟ್ಟಿ, ಸಾಮಾನಿನ ಮೇಲೆ ಹಾಯಿಸಿ, ಈ ಬದಿಯಲ್ಲಿ ಎದೆಮಟ್ಟಕ್ಕೆ ಒಂದು ಜಾರುವ ಕುಣಿಕೆ ತೆಗೆ. ತುದಿಯನ್ನು ಕೆಳಗಿನ ಕೊಕ್ಕೆಗೆ ಹಾಕಿ, ಮೇಲಕ್ಕೆ ತಂದು, ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗಿದರೆ ಹಗ್ಗ ತಂತಿಯಂತೆ ಬಿಗಿಯುತ್ತದೆ. ಬಿಗಿ ಬಿಡದಂತೆ ಕುಣಿಕೆಯನ್ನು ಚಿವುಟಿ ಹಿಡಿದೇ ಎರಡು ಅರೆಗಂಟು ಹಾಕಬೇಕು. ಲೆಕ್ಕದ ಪ್ರಕಾರ ಎಳೆದ ಬಲದ 3 ಪಟ್ಟು ಬಿಗಿ ಬರಬೇಕು. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ನಿಜವಾಗಿ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ, ಆದರೂ ಬರಿಗೈಯಿಂದ ಎಳೆಯುವುದಕ್ಕಿಂತ ಎಷ್ಟೋ ಹೆಚ್ಚು. ಕುಣಿಕೆಯ ಜಾರುವ ಮಡಿಕೆಯನ್ನು ತುದಿಯ ಕಡೆಯ ಎಳೆಯಿಂದಲೇ ತೆಗೆಯಬೇಕು. ಸಾಮಾನಿನ ಕಡೆಯ ಎಳೆಯಿಂದ ತೆಗೆದರೆ ಜಗ್ಗಿದೊಡನೆ ಅದು ಮುಚ್ಚಿಹೋಗುತ್ತದೆ. ಟಾರ್ಪಾಲು, ಬಟ್ಟೆ ಒಣಹಾಕುವ ಹಗ್ಗ ಇವಕ್ಕೂ ಇದೇ ಸಾಕು.

ಮನುಷ್ಯರ ಜೀವ ಹಗ್ಗದ ಮೇಲಿರುವ ಕಡೆ ನನ್ನ ಪತ್ರ ನಂಬಿ ಏನನ್ನೂ ಮಾಡಬೇಡ. ರಾಮನಗರದ, ಬಾದಾಮಿಯ ಬಂಡೆಗಳನ್ನು ಏರುವವರು ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಳ್ಳುವುದು ಎಂಟರ ಆಕಾರದ ಗಂಟಿನಿಂದ. ಅದನ್ನು ಒಮ್ಮೆ ಕಟ್ಟಿ, ತುದಿಯನ್ನು ಅದೇ ಜಾಡಿನಲ್ಲಿ ಹಿಂದಕ್ಕೆ ನಡೆಸುತ್ತಾರೆ. ಸರಿಯಾಗಿದೆಯೇ ಎಂದು ಪಕ್ಕದಲ್ಲಿದ್ದವರೂ ಕಣ್ಣಲ್ಲೇ ಹೇಳಬಹುದಾದ್ದರಿಂದ ಅದಕ್ಕೆ ಆ ಮರ್ಯಾದೆ. ಕಲಿಯುವುದಾದರೆ ಬಲ್ಲ ತರಬೇತುದಾರರ ಎದುರಿನಲ್ಲೇ ಕಲಿ. ಬಾವಿಗಿಳಿಯುವವರ ಸೊಂಟಕ್ಕೆ ಜೀರುಗುಣಿಕೆ ಹಾಕುವುದನ್ನು ಎಲ್ಲಿಯಾದರೂ ಕಂಡರೆ ದಯವಿಟ್ಟು ತಡೆ.

ಹಗ್ಗದ ಬಗ್ಗೆಯೂ ಸ್ವಲ್ಪ ತಿಳಿದಿರಬೇಕು. ಯಾವ ಗಂಟೇ ಆದರೂ ಎಳೆಯನ್ನು ಕಡಿದಾಗಿ ಬಾಗಿಸುವುದರಿಂದ ಹಗ್ಗದ ಬಲ ಸುಮಾರು ಕಾಲು ಭಾಗದಿಂದ ಹಿಡಿದು ಅರ್ಧದವರೆಗೂ ತಗ್ಗುತ್ತದೆ. ಆದ್ದರಿಂದ ಹಗ್ಗ ಕೊಳ್ಳುವಾಗ ಬೇಕಾದ್ದಕ್ಕಿಂತ ದಪ್ಪನೆಯದನ್ನೇ ಆರಿಸು. ತೆಂಗಿನ ನಾರಿನ ಹಗ್ಗ ಗಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೆನೆದರೆ ಉಬ್ಬಿ ಬಿರುಸಾಗುತ್ತದೆ. ನೈಲಾನ್ ಬಲವಾದದ್ದು, ಆದರೆ ಭಾರಕ್ಕೆ ಹಿಗ್ಗುತ್ತದೆ. ಅಗ್ಗದ ಬಣ್ಣದ ಪ್ಲಾಸ್ಟಿಕ್ ಹಗ್ಗ ಗಂಟಿನಲ್ಲಿ ಜಾರುತ್ತದೆ, ಬಿಸಿಲಿಗೆ ಬಿದ್ದು ಪುಡಿಯಾಗುತ್ತದೆ. ನೈಲಾನ್ ಮತ್ತು ಪ್ಲಾಸ್ಟಿಕ್ ಹಗ್ಗದ ಕೊಯ್ದ ತುದಿಯನ್ನು ಬೆಂಕಿಗೆ ತೋರಿಸಿ ಕರಗಿಸಿಬಿಟ್ಟರೆ ಎಳೆ ಬಿಚ್ಚಿಕೊಳ್ಳುವುದಿಲ್ಲ. ನಾರಿನ ಹಗ್ಗದ ತುದಿಗೆ ದಾರ ಸುತ್ತು.

ಅಭ್ಯಾಸಕ್ಕೆ ಬೆರಳು ಗಾತ್ರದ ಮೆತ್ತನೆಯ ಹತ್ತಿಯ ಹಗ್ಗವನ್ನು ಎರಡು ಮಾರು ಇಟ್ಟುಕೋ, ದಾರದಲ್ಲಿ ಕಲಿಯಬೇಡ. ಎಳೆ ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬುದು ದಾರದಲ್ಲಿ ಕಾಣುವುದಿಲ್ಲ. ಮೊದಲು ಬೋಲೈನ್ ಒಂದನ್ನೇ ಹಿಡಿದು, ಕಣ್ಣು ಮುಚ್ಚಿಯೂ ಕಟ್ಟಲು ಬಂದ ಮೇಲೆ ಶೀಟ್ ಬೆಂಡಿಗೆ ಹೋಗು. ಎಲ್ಲಿಯಾದರೂ ತೊಡಕಾದರೆ ಗಂಟನ್ನು ಬಿಗಿಮಾಡದೆ ಸಡಿಲವಾಗಿಯೇ ಇಟ್ಟು, ಎರಡೂ ಬದಿಯಿಂದ ಫೋಟೋ ತೆಗೆದು ಕಳಿಸು. ಯಾವ ಎಳೆ ದಾರಿ ತಪ್ಪಿದೆಯೆಂದು ನೋಡಿ ಅಂದೇ ಬರೆಯುತ್ತೇನೆ. ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತು,
ನಿನ್ನ ಪ್ರೀತಿಯ ಗೆಳೆಯ